ಊಟವೂ ಹಾಡೂ

ಮನೆಗೆ ಬಂದವರಿಗೆ ಉಣಬಡಿಸುವುದು ಒಂದು ಮರ್ಯಾದೆ. ಉಣ್ಣುವಾಗ ಅವರ ಕಿವಿಗೊಂದಿಷ್ಟು ಹಾಡು ಬೀಳುವಂತೆ ಮಾಡುವುದು ಇನ್ನೊಂದು ಮರ್ಯಾದೆ. ಎರಡನ್ನೂ ಕೂಡಿಸಿ ನಡೆಸುವ ಪದ್ಧತಿ ಯಾವ ನಾಡಿಗೂ ಹೊಸದಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಬೀಗರು ಊಟಕ್ಕೆ ಕುಳಿತಾಗ ಹೆಣ್ಣುಮಕ್ಕಳು ಅವರನ್ನು ಹಾಸ್ಯಮಾಡಿ ಹಾಡುವ ಹಾಡುಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಳಿಗೆಯ ಸಿಹಿಗಿಂತ ಆ ಹಾಡಿನ ಖಾರವೇ ಬಹಳ ದಿನ ನೆನಪಿನಲ್ಲಿ ಉಳಿಯುವುದುಂಟು. ಆದರೆ ಊಟವೂ ಹಾಡೂ ಕೂಡಿದಲ್ಲಿ ಒಂದು ಸಣ್ಣ ಪ್ರಶ್ನೆಯೂ ಹುಟ್ಟಿಕೊಳ್ಳುತ್ತದೆ. ಉಂಡವರು ಯಾರು, ಹಾಡಿದವರು ಯಾರು, ಹಾಡಿದವರು ಉಂಡದ್ದು ಎಲ್ಲಿ? ಸಣ್ಣದೆಂದು ತೋರುವ ಈ ಪ್ರಶ್ನೆ ಇತ್ತೀಚೆಗೆ ನನ್ನನ್ನು ಬಿಡದೆ ಕಾಡಿದೆ.

ಅದಕ್ಕೆ ಮೊದಲ ಕಾರಣ ನನ್ನ ತಂಗಿಯ ಮಗಳು. ಗಂಡನೊಡನೆ ಅಮೇರಿಕೆಯಲ್ಲಿದ್ದಾಳೆ. ಹೋದ ವರ್ಷ ರಜೆಯಲ್ಲಿ ಇಬ್ಬರೂ ಹವಾಯಿ ದ್ವೀಪಗಳನ್ನು ನೋಡಿಬಂದು, ಫೋನಿನಲ್ಲಿ ಗಂಟೆಗಟ್ಟಲೆ ಅಲ್ಲಿಯ ಸುದ್ದಿ ಹೇಳಿದಳು. ಸಮುದ್ರ, ಬೆಂಕಿಯ ಬೆಟ್ಟ ಎಲ್ಲ ಮುಗಿದ ಮೇಲೆ ಮಾತು ಊಟಕ್ಕೆ ಬಂತು.

"ಮಾಮಾ, ಅದಕ್ಕ ಅಲ್ಲಿ ಲೂಆವ್ ಅಂತಾರ. ಟಿಕೀಟ ತಗೊಂಡು ಹೋಗೂದು. ಬಾಗಲದಾಗ ಕೊಳ್ಳಾಗ ಹೂವಿನ ಹಾರ ಹಾಕ್ತಾರ. ಸಮುದ್ರದ ದಂಡಿಮ್ಯಾಲ ಕುಂಡ್ರಿಸಿ ಊಟಾ ಕೊಡ್ತಾರ. ಊಟಾ ಮಾಡಕೋತ ಅವರ ಕುಣತ ನೋಡೂದು."

"ಎಲ್ಲರಿಗೂ ಒಂದೇ ಪಂಗತಿ ಏನವ್ವ?"

"ಎಲ್ಲಿದು ಮಾಮಾ! ರೊಕ್ಕಾ ಹೆಚ್ಚು ಕೊಟ್ಟವರಿಗಿ ಮುಂದಿನ ಸಾಲು."

ನೆಲದಲ್ಲಿ ಕುಣಿ ತೋಡಿ, ಕಾಸಿದ ಕಲ್ಲುಗಳ ನಡುವೆ ಹಂದಿಯನ್ನು ಹುಗಿದು ಬೇಯಿಸುವುದು ಅಲ್ಲಿಯ ಹಬ್ಬದಡುಗೆಯ ಮುಖ್ಯ ಭಾಗವಂತೆ. ಇಷ್ಟಲಿಂಗ ಕಟ್ಟಿಕೊಂಡ ನಮ್ಮ ಹುಡುಗಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. "ನಮಗ ಕೆಸುವಿನ ಗಡ್ಡಿನೇ ಗತಿ ಆಯ್ತು" ಎಂದು ನಕ್ಕಳು.

ಅವಳು ನಕ್ಕಳೇನೊ ಸರಿ. ಆದರೆ ಕೆಸುವಿನ ಗಡ್ಡೆಯೇ ಆ ಊಟದ ಹಿರಿಯ ಯಜಮಾನ ಎಂಬುದು ಆಮೇಲೆ ಪುಸ್ತಕ ತೆರೆದಾಗ ನನಗೆ ತಿಳಿಯಿತು. ಲೂಆವ್ ಎಂಬ ಶಬ್ದಕ್ಕೆ ಆ ಭಾಷೆಯಲ್ಲಿ ಕೆಸುವಿನ ಎಳೆಯ ಎಲೆ ಎಂದೇ ಅರ್ಥ. ಎಲೆಯ ಹೆಸರು ಊಟಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ನಾವು 'ಹೋಳಿಗೆ ಊಟ' ಎಂದು ಇಡೀ ಸಮಾರಂಭವನ್ನೇ ಹೋಳಿಗೆಯ ಹೆಸರಿನಿಂದ ಕರೆಯುವುದಿಲ್ಲವೆ, ಹಾಗೆ. ಗಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಸೇರಿಸಿ ಮಾಡುವ 'ಪೊಯಿ' ಎಂಬ ಅಂಟುಗಂಜಿ ಅವರ ನಿತ್ಯದ ಅನ್ನ. ಅದನ್ನು ಒಂದೆರಡು ದಿನ ಇಟ್ಟರೆ ಹುಳಿಯೇರುತ್ತದೆ; ಹಾಗೆ ಹುಳಿಯೇರಿದ್ದನ್ನೇ ಬಯಸಿ ಉಣ್ಣುವವರೂ ಉಂಟು. ನಮ್ಮ ಮಡಿಕೆಯ ಅಂಬಲಿಯನ್ನು ಬಲ್ಲವರಿಗೆ ಪೊಯಿ ದೂರದ ನೆಂಟನೆಂದು ತೋರದಿರದು.

ಇದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಊಟದ ಚರಿತ್ರೆ. ಹಿಂದೆ ಹವಾಯಿಯಲ್ಲಿ 'ಕಪು' ಎಂಬ ಕಟ್ಟಳೆಯಿತ್ತು. ಗಂಡಸರೂ ಹೆಂಗಸರೂ ಒಂದೆಡೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿಯ ಮಾಂಸ, ತೆಂಗಿನಕಾಯಿ, ಬಹುತೇಕ ಬಾಳೆಯ ಹಣ್ಣು ಹೆಂಗಸರಿಗೆ ನಿಷಿದ್ಧ. ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ೧೮೧೯ರಲ್ಲಿ ದೊಡ್ಡ ದೊರೆ ಕಮೇಹಮೇಹಾ ತೀರಿಕೊಂಡ ಕೆಲವು ತಿಂಗಳಿಗೆ, ಅವನ ಮಗ ಲಿಹೋಲಿಹೋ ಒಂದು ಔತಣದಲ್ಲಿ ಎಲ್ಲರೂ ನೋಡುತ್ತಿರುವಂತೆ ಹೆಂಗಸರ ಸಾಲಿಗೆ ಹೋಗಿ ಕುಳಿತು ಉಂಡುಬಿಟ್ಟ. ಅವನನ್ನು ಇದಕ್ಕೆ ಒತ್ತಾಯಿಸಿದವಳು ಸತ್ತ ದೊರೆಯ ಮೆಚ್ಚಿನ ರಾಣಿ ಕಾಅಹುಮಾನು. ಅಷ್ಟರಿಂದಲೇ ಹಳೆಯ ಕಟ್ಟಳೆ ಮುರಿದುಬಿತ್ತು. ರಾಜ್ಯದ ಧರ್ಮವೇ ಒಂದು ಊಟದಲ್ಲಿ ಬದಲಾಗುವುದೆಂದರೆ ಸಾಮಾನ್ಯವೆ!

ಹಾಡು-ಕುಣಿತದ ಕಥೆ ಇಷ್ಟು ಸುಲಭವಾಗಿ ನಡೆಯಲಿಲ್ಲ. ಹೂಲ ಎಂಬ ಅವರ ನೃತ್ಯ ದೇವತೆಗಳನ್ನೂ ಅರಸರ ವಂಶವನ್ನೂ ಹೊಗಳುವ ಪದಗಳಿಗೆ ಕೈ ಮೈ ತಿರುಗಿಸುವ ಕಲೆ. ಕ್ರೈಸ್ತಮತವನ್ನು ಸ್ವೀಕರಿಸಿದ್ದ ಅದೇ ಕಾಅಹುಮಾನು ೧೮೩೦ರಲ್ಲಿ ಅದನ್ನು ಬಹಿರಂಗವಾಗಿ ಕುಣಿಯಕೂಡದೆಂದು ನಿಷೇಧಿಸಿದಳು. ೧೮೮೩ರಲ್ಲಿ ದೊರೆ ಕಲಾಕೌಅ ತನ್ನ ಕಿರೀಟಧಾರಣೆಯ ಉತ್ಸವದಲ್ಲಿ ಹೂಲವನ್ನು ಮತ್ತೆ ಬಯಲಿಗೆ ತಂದ. ೧೮೯೮ರಲ್ಲಿ ದ್ವೀಪಗಳು ಅಮೇರಿಕೆಯ ವಶವಾದವು, ಪ್ರವಾಸಿಗಳು ಹೆಚ್ಚಿದರು. ೧೯೩೭ರಲ್ಲಿ ಕೊಡಾಕ್ ಕಂಪನಿ ವೈಕಿಕಿಯಲ್ಲಿ ಒಂದು ಹೂಲ ಪ್ರದರ್ಶನವನ್ನು ಆರಂಭಿಸಿತು. ಅದು ನಡೆಯುತ್ತಿದ್ದುದು ಹಗಲಿನಲ್ಲಿ. ಏಕೆಂದರೆ ಅಂದಿನ ಫಿಲ್ಮಿಗೆ ಬೆಳಕು ಬೇಕಾಗಿತ್ತು. ಸೂರ್ಯ ಪ್ರವಾಸಿಗಳ ಬೆನ್ನಿಗೆ ಬರುವಂತೆ ಅವರ ಆಸನಗಳನ್ನು ಇಟ್ಟಿದ್ದರು. ಬಿಸಿಲೆಲ್ಲ ಕುಣಿಯುವವರ ಮುಖಕ್ಕೆ. ೨೦೦೨ರವರೆಗೆ, ಅಂದರೆ ಅರವತ್ತೈದು ವರ್ಷ, ಈ ಪ್ರದರ್ಶನ ನಡೆದುಬಂತು. ದೇವತೆಗೆಂದು ಕುಣಿಯುತ್ತಿದ್ದ ಕೈ ಕ್ಯಾಮರಾಕ್ಕೆಂದು ಕುಣಿದಾಗ ಕೈ ಅದೇ ಇರಬಹುದು. ಕುಣಿತದ ಯಜಮಾನ ಮಾತ್ರ ಬದಲಾದ.

ಇಷ್ಟು ಓದಿ ಪುಸ್ತಕ ಮುಚ್ಚಿದಾಗ ನಾನಿದ್ದುದು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ. ಇರುವುದು ಅಲ್ಲಿ, ಪಾಠ ಹೇಳುವುದು ಇಲ್ಲಿ. ದಿನವೂ ಈ ಮೂವತ್ತು ಕಿಲೋಮೀಟರಿನ ದಾರಿ ಸವೆಸುವವನು ನಾನು. ಸಸ್ತಾಪುರ ಬಂಗ್ಲೆಯ ಹತ್ತಿರ ಬಸ್ಸು ಹೆದ್ದಾರಿಗೆ ತಿರುಗಿದಾಗ ನನಗೆ ಹೊಳೆದುದೇನೆಂದರೆ, ಈ ದಾರಿಯ ಎರಡು ತುದಿಗಳಲ್ಲಿಯೂ ನನ್ನ ಪ್ರಶ್ನೆಗೆ ಉತ್ತರ ಹೇಳಿದವರು ಇದ್ದರಲ್ಲ ಎಂದು.

ಕಲ್ಯಾಣದ ತುದಿಯಿಂದ ಆರಂಭಿಸೋಣ. ಇದು ಚಾಲುಕ್ಯರ ರಾಜಧಾನಿ. ಇಲ್ಲಿ ಆಳಿದ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ಅರಸನ ಉಪಭೋಗಗಳನ್ನು ಹೇಳುವ ಭಾಗದಲ್ಲಿ ಅನ್ನಭೋಗದ ಪ್ರಕರಣವಿದೆ. ಇಂದು ಹೋಟೆಲಿನಲ್ಲಿ ನಾವು ಕೇಳಿ ತಿನ್ನುವ ಇಡ್ಲಿ, ದೋಸೆ, ವಡೆಗಳ ಹಿರಿಯರು ಇಡ್ಡರಿಕಾ, ಧೋಸಕ, ವಟಕ ಎಂಬ ಹೆಸರುಗಳಲ್ಲಿ ಅಲ್ಲಿ ಕಾಣಸಿಗುತ್ತಾರೆ. ವಿನೋದಗಳನ್ನು ಹೇಳುವ ಇನ್ನೊಂದು ಭಾಗದಲ್ಲಿ ಗೀತ, ವಾದ್ಯ, ನೃತ್ಯಗಳಿವೆ. ಕುಣಿಯುವವರಲ್ಲಿ ನಟ, ನರ್ತಕ, ನರ್ತಕಿ, ವೈತಾಲಿಕ, ಚಾರಣ, ಕೊಲ್ಲಾಟಿಗ ಎಂದು ಆರು ಬಗೆ. ಎಷ್ಟು ರಸಿಕನಾದ ದೊರೆ! ಆದರೂ ಆ ಗ್ರಂಥದ ನೋಟವೆಲ್ಲ ಸಿಂಹಾಸನದಿಂದ ಕಂಡ ನೋಟ. ಅರಸನ ಊಟದ್ದೊಂದು ಪ್ರಕರಣ, ಅರಸನ ವಿನೋದದ್ದೊಂದು ಪ್ರಕರಣ. ಉಣ್ಣುವವನೂ ನೋಡುವವನೂ ಅವನೇ.

ಇದಾಗಿ ಮೂರು ನಾಲ್ಕು ದಶಕಗಳಲ್ಲಿ ಅದೇ ಊರಿನಲ್ಲಿ ಬಸವಣ್ಣನವರ ಮಹಾಮನೆಯ ಬಾಗಿಲು ತೆರೆಯಿತು. ಅಲ್ಲಿಯ ದಾಸೋಹವನ್ನು ಕುರಿತು ಬರೆಯದವರಿಲ್ಲ. ನಾನೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ನೂರಾರು ಪುಟ ಓದುತ್ತೇನೆ. ಆದರೆ ಆ ಸಾಲಿನಲ್ಲಿ ಕುಳಿತವರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು. ಕಿನ್ನರಿ ಬೊಮ್ಮಯ್ಯ ಕಿನ್ನರಿ ನುಡಿಸುವವನು. ಡಕ್ಕೆಯ ಬೊಮ್ಮಣ್ಣ ಡಕ್ಕೆ ಬಾರಿಸುವವನು. ಬಹುರೂಪಿ ಚೌಡಯ್ಯ ವೇಷ ಹಾಕಿ ಆಡುವವನು. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ದೊರೆಯ ಗ್ರಂಥದಲ್ಲಿ ಬಗೆಗಳಾಗಿದ್ದವರು ಇಲ್ಲಿ ಹೆಸರುಳ್ಳ ಮನುಷ್ಯರಾದರು. ಬಾರಿಸುವುದನ್ನು ಬಿಟ್ಟು ಶರಣರಾಗಿರೆಂದು ಯಾರೂ ಅವರಿಗೆ ಹೇಳಲಿಲ್ಲ. ಬಾರಿಸುವುದೇ ಕಾಯಕವಾಯಿತು, ಹೆಸರಿನ ಹಿಂದೆ ಡಕ್ಕೆಯೇ ಬಿರುದಾಗಿ ನಿಂತಿತು. ಅವರು ಕೇಳಿಸಿದರು, ಬರೆದರು, ಉಳಿದ ಶರಣರೊಂದಿಗೆ ಕುಳಿತು ಉಂಡರು. ಹವಾಯಿಯ ದೊರೆ ಒಂದು ಸಂಜೆ ಮಾಡಿದ್ದನ್ನು ಕಲ್ಯಾಣದವರು ಸುಮಾರು ಆರೂವರೆ ಶತಮಾನ ಮುಂಚೆ ದಿನದಿನದ ರೂಢಿ ಮಾಡಹೊರಟಿದ್ದರು. ಅದರ ಬೆಲೆಯನ್ನೂ ಕಲ್ಯಾಣ ತೆತ್ತಿತು; ಆ ಕಥೆ ವಾಚಕರಿಗೆ ತಿಳಿದುದೇ.

ಇನ್ನು ದಾರಿಯ ಈಚೆಯ ತುದಿ. ಹುಮನಾಬಾದಿನ ಮಗ್ಗುಲಲ್ಲಿಯೇ ಮಾಣಿಕನಗರವಿದೆ. ಮಾಣಿಕಪ್ರಭುಗಳು ಹುಟ್ಟಿದ್ದು ೧೮೧೭ರ ದತ್ತ ಜಯಂತಿಯಂದು, ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ೧೮೪೫ರಲ್ಲಿ ಅವರು ಇಲ್ಲಿ ನೆಲೆನಿಂತು ಊರು ಕಟ್ಟಿದರು. ೧೮೬೫ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಎಲ್ಲ ಮತಗಳೂ ಒಂದೇ ಸತ್ಯದ ದಾರಿಗಳೆಂಬ ಅವರ ಸಂಪ್ರದಾಯಕ್ಕೆ ಸಕಲಮತವೆಂದು ಹೆಸರು. ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದ ಕಟ್ಟಿದವರು ಅವರು. ಅನ್ನ ಕೇಳಿಕೊಂಡು ಬಂದವರಿಗೆ ಅಲ್ಲಿ ಭಂಡಾರಖಾನೆಯುಂಟು. ಹಾಡು ಕೇಳಿಕೊಂಡು ಬಂದವರಿಗೆ ದರ್ಬಾರು ಉಂಟು. ಮಾರ್ಗಶಿರದ ಹುಣ್ಣಿಮೆ, ದತ್ತ ಜಯಂತಿಯ ರಾತ್ರಿ, ಪೀಠದ ಗುರುಗಳು ಗಾದಿಯಲ್ಲಿ ಕುಳಿತುಕೊಳ್ಳುತ್ತಾರೆ. ಗಾಯಕರು, ವಾದಕರು ಒಬ್ಬೊಬ್ಬರಾಗಿ ಬಂದು ತಮ್ಮ ಸೇವೆ ಸಲ್ಲಿಸುತ್ತಾರೆ. ರಾತ್ರಿ ಹೀಗೆ ಸಾಗಿ ಬೆಳಗಾಗುತ್ತದೆ.

ನಮ್ಮ ಅಜ್ಜ ನಿಜಾಮರ ಕಾಲದಲ್ಲಿ, ಅಂದರೆ ೧೯೪೮ಕ್ಕಿಂತ ಮುಂಚೆ, ಎತ್ತಿನ ಬಂಡಿ ಕಟ್ಟಿಕೊಂಡು ಈ ದರ್ಬಾರಿಗೆ ಹೋಗುತ್ತಿದ್ದನು. ಅವನಿಗೆ ರಾಗದ ಹೆಸರಾಗಲಿ ತಾಳದ ಲೆಕ್ಕವಾಗಲಿ ಬಾರದು. ನಾನು ಹೈಸ್ಕೂಲಿನ ಜಾಣತನದಿಂದ ಒಮ್ಮೆ ಕೇಳಿದ್ದೆ.

"ಅಜ್ಜಾ, ರಾತ್ರಿಯೆಲ್ಲಾ ಕುಂತು ಕೇಳತಿದ್ದಿ ಅಂತೀ. ನಿನಗೇನು ತಿಳೀತಿತ್ತು?"

"ತಿಳಿಯೂದೇನದ ಅದರಾಗ? ಅವರು ಪ್ರಭುಗ ಹಾಡತಿದ್ರು. ನಾವು ಬಾಜೂಕ ಕುಂತು ಕೇಳತಿದ್ದೆವು."

ಆಗ ಅದನ್ನು ಮುದುಕರ ಮಾತೆಂದು ಬಿಟ್ಟೆ. ಮುಂದೆ ನಾನೇ ಕಂಬಳಿ ಹೊದ್ದು ಆ ಚಳಿಯಲ್ಲಿ ಕುಳಿತು ಕೇಳತೊಡಗಿದಾಗ ಆ ಮಾತಿನ ತಿರುಳು ಬಿಚ್ಚಿಕೊಂಡಿತು. ಅಲ್ಲಿ ಹಾಡುವವರ ಮುಖ ನಮ್ಮ ಕಡೆಗಿಲ್ಲ. ಹಾಡು ಗಾದಿಗೆ ಸಲ್ಲುತ್ತದೆ. ಬಂದವರ ಕಿವಿಗೆ ಬಿದ್ದುದು ಪ್ರಸಾದ. ಪಟ್ಟಣದ ಸಭಾಗೃಹದಲ್ಲಿ ದೊಡ್ಡ ಹೆಸರುಳ್ಳವರು ಇಲ್ಲಿ ತಂಬೂರಿ ಕೂಡಿಸಿಕೊಂಡು ತಮ್ಮ ಸರದಿಗಾಗಿ ಕಾಯುತ್ತಾರೆ. ಪಕ್ಕದಲ್ಲಿ ಯಾವುದೋ ಹಳ್ಳಿಯ ಭಜನೆಯವನೂ ಕಾಯುತ್ತಿರುತ್ತಾನೆ. ತಾಯಿಯ ತೊಡೆಯ ಮೇಲೆ ಮಗು ಮಲಗಿದೆ. ಯಾರಿಗೂ ಅದರಿಂದ ಅವಮಾನವಿಲ್ಲ. ಪ್ರಸಾದದ ಸಾಲಿನಲ್ಲಿ ನನ್ನ ಎದುರಿಗೆ ಕುಳಿತು ಅನ್ನ ಸಾರು ಕಲಸುತ್ತಿದ್ದವರೊಬ್ಬರ ಮುಖವನ್ನು ಎಲ್ಲೋ ನೋಡಿದಂತಿದೆಯಲ್ಲ ಎಂದುಕೊಂಡು, ಅರ್ಧ ಊಟವಾದ ಮೇಲೆ, ಇವರು ಹಿಂದಿನ ರಾತ್ರಿ ತಬಲಾ ನುಡಿಸಿದವರು ಎಂದು ಗುರುತು ಹಿಡಿದದ್ದುಂಟು.

ಇದನ್ನು ಹೇಳಿ, 'ನೋಡಿರಿ, ನಮ್ಮ ಪದ್ಧತಿಯೇ ಶ್ರೇಷ್ಠ, ಹವಾಯಿಯವರದು ವ್ಯಾಪಾರ' ಎಂದು ಎದೆಯುಬ್ಬಿಸಿ ಮುಗಿಸಿಬಿಡುವುದು ಸುಲಭ. ಹಾಗೆ ಮುಗಿಸಲು ಮನಸ್ಸು ಒಪ್ಪದು. ಮಹಾಮನೆ ಇದ್ದ ನಾಡಿನಲ್ಲಿಯೇ ಎಂಟುನೂರು ವರ್ಷದ ಮೇಲೂ ಊಟದ ಸಾಲುಗಳು ಜಾತಿಯಂತೆ ಬೇರೆಯಾಗಿದ್ದವು. ಮದುವೆಯ ಮೆರವಣಿಗೆಯ ಮುಂದೆ ಹಲಗೆ ಬಾರಿಸಿದವರು ಎಲ್ಲರೂ ಉಂಡೆದ್ದ ಮೇಲೆ, ಚಪ್ಪರದ ಹೊರಗೆ, ಮನೆಯಿಂದ ತಂದ ಬುಟ್ಟಿಯಲ್ಲಿ ಊಟ ಹಾಕಿಸಿಕೊಳ್ಳುತ್ತಿದ್ದುದನ್ನು ನನ್ನ ವಯಸ್ಸಿನವರೇ ಕಣ್ಣಾರೆ ನೋಡಿದ್ದೇವೆ. ಹಲಗೆಯಿಲ್ಲದೆ ಮದುವೆಯಿಲ್ಲ, ಹಲಗೆಯವನಿಗೆ ಮಾತ್ರ ಮದುವೆಯ ಸಾಲಿಲ್ಲ. ಅದಕ್ಕೂ ಒಂದು ಕಪು ಇತ್ತು. ಹೆಸರು ಮಾತ್ರ ಬೇರೆ.

ಅದು ಹಳೆಯ ಮಾತಾಯಿತೆಂದು ನಾನು ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣಕ್ಕೆ ಹೋದೆ. ಯಾವ ಊರು, ಯಾವ ಸಂಸ್ಥೆ ಎಂಬುದು ಇಲ್ಲಿ ಅವಶ್ಯವಿಲ್ಲ. ಹಗಲೆಲ್ಲ ಪ್ರಬಂಧಗಳನ್ನು ಓದಲಾಯಿತು. ದಾಸೋಹ ತತ್ತ್ವದ ಮೇಲೆಯೇ ಎರಡು. ರಾತ್ರಿ ದೂರದಿಂದ ಬಂದ ವಿದ್ವಾಂಸರಿಗಾಗಿ ಔತಣ, ಜತೆಗೆ ಪುರವಂತರ ಮೇಳ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರನ್ನು ಕಂಡವರಿಗೆ ಗೊತ್ತು: ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ, ಒಬ್ಬನು ಒಡಪು ಹೇಳಿದರೆ ಊರೇ ಮೈನಿಮಿರಿ ನಿಲ್ಲುತ್ತದೆ. ಅಂದು ಅವರು ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಕುಣಿದರು. ನಾವು ತಟ್ಟೆ ಹಿಡಿದು ನಿಂತು, ರೊಟ್ಟಿ ಮುರಿಯುತ್ತ, ಪರಸ್ಪರ ಕುಶಲ ಕೇಳುತ್ತ, ನಡುನಡುವೆ ಆ ಕಡೆ ನೋಡುತ್ತಿದ್ದೆವು. ಕೆಲವರು ಫೋನು ಎತ್ತಿ ಚಿತ್ರ ತೆಗೆದುಕೊಂಡರು. ಕುಣಿತ ಮುಗಿಯಿತು. ಮೇಳದವರಿಗೆ ಅಡುಗೆಮನೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ ಊಟದ ಪೊಟ್ಟಣಗಳನ್ನು ಕೊಟ್ಟರು.

ನಾನು ಕೈ ತೊಳೆಯಲೆಂದು ಆ ಕಡೆ ಹೋದವನು ಮೇಳದ ಹಿರಿಯನನ್ನು ಮಾತನಾಡಿಸಿದೆ. ಸಂಭಾವನೆ ಸರಿಯಾಗಿ ಸಂದಿತೇ ಎಂದು ಕೇಳಿದೆ.

"ಬಂತ್ರಿ ಸಾಹೇಬ್ರ. ಹಾಡಿಗಿ ರೊಕ್ಕಾ ಬಂತು" ಎಂದು ಆತ ಪೊಟ್ಟಣದ ದಾರ ಬಿಚ್ಚುತ್ತ ಹೇಳಿದ. ಸ್ವಲ್ಪ ತಡೆದು, "ಪಂಗತಿನಾಗ ಜಾಗಾ ಬರಲಿಲ್ಲ, ಅಷ್ಟೇ" ಎಂದ.

ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು, ಬೆಳೆ ಬರಲಿಲ್ಲ ಎಂದು ರೈತ ಹೇಳುವಂತೆ ಹೇಳಿದ. ಅಷ್ಟರಲ್ಲಿ ನಮ್ಮ ಜತೆ ಬಂದಿದ್ದ ಇತಿಹಾಸದ ಅಧ್ಯಾಪಕಿಯೊಬ್ಬರು ತಮ್ಮ ತಟ್ಟೆಯೊಂದಿಗೆ ಅಲ್ಲಿಗೆ ಬಂದು, ಏನೊಂದೂ ಮಾತಿಲ್ಲದೆ, ಮೇಳದವರ ನಡುವೆ ನೆಲದ ಮೇಲೆ ಕುಳಿತು ಉಣ್ಣತೊಡಗಿದರು. ಹಿರಿಯ ಸರಿದು ಜಾಗ ಮಾಡಿಕೊಟ್ಟ. ತಮ್ಮ ಪೊಟ್ಟಣದ ಚಟ್ನಿಯನ್ನು ಆಕೆಯ ತಟ್ಟೆಗೆ ಹಾಕಿದ. ನಾವು ಮೂರು ನಾಲ್ಕು ಜನ ಹೋಗಿ ಕುಳಿತೆವು. ಆಗ ಶುರುವಾದ ಮಾತಿನಲ್ಲಿ ಆತ ಹೇಳಿದ ಒಡಪುಗಳು ಆ ರಾತ್ರಿ ಹುಲ್ಲುಹಾಸಿನ ಮೇಲೆ ಹೇಳಿದವುಗಳಲ್ಲ, ಅವಕ್ಕಿಂತ ಮೇಲಾದವು. ಹಾಡುಗಾರ ತನ್ನ ಒಳ್ಳೆಯ ಸರಕನ್ನು ಯಾರಿಗಾಗಿ ತೆಗೆದಿಡುತ್ತಾನೆಂಬುದು ನನಗೆ ಅಂದು ತಿಳಿಯಿತು.

ಹಣ ಕೊಟ್ಟದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಾಯಕಕ್ಕೆ ಕೂಲಿ ಬೇಕು; ಬರಿಯ ಗೌರವದಿಂದ ಹಾಡುಗಾರನ ಒಲೆ ಹೊತ್ತಿಕೊಳ್ಳದು. ಟಿಕೀಟಿನ ಹೂಲದಿಂದಲೂ ಎಷ್ಟೋ ಕುಟುಂಬಗಳು ಬದುಕಿಕೊಂಡವು, ಕುಣಿತವೂ ಉಳಿಯಿತು. ಆದರೆ ಅಷ್ಟಕ್ಕೆ ತೃಪ್ತರಾಗದ ಹವಾಯಿಯವರು ಇನ್ನೊಂದು ಕೆಲಸವನ್ನೂ ಮಾಡಿದರು. ಹಿಲೋ ಎಂಬ ಊರಿನಲ್ಲಿ, ಹೂಲವನ್ನು ಬಯಲಿಗೆ ತಂದ ಆ ಕಲಾಕೌಅ ದೊರೆಯ ನೆನಪಿನಲ್ಲಿ, ೧೯೬೦ರ ದಶಕದಿಂದ ಒಂದು ಉತ್ಸವ ನಡೆಸತೊಡಗಿದರು. ೧೯೭೧ರಿಂದ ಅಲ್ಲಿ ಹೂಲದ ಸ್ಪರ್ಧೆಗಳಿವೆ. ಹಳೆಯ ಪದಗಳು, ಹಳೆಯ ವರಸೆ, ಗುರುವಿನ ಬಳಿ ವರ್ಷಗಟ್ಟಲೆ ಕಲಿತವರ ಕುಣಿತ. ಪ್ರವಾಸಿಯೂ ಹೋಗಿ ನೋಡಬಹುದು. ಆದರೆ ಅಲ್ಲಿ ಅವನು ನಮ್ಮ ಅಜ್ಜನಂತೆ ಬಾಜೂಕ ಕುಳಿತವನು.

ನಮ್ಮೂರಿಗೂ ಪ್ರವಾಸಿಗಳು ಬರುವ ಕಾಲ ಹತ್ತಿರವಾಗಿದೆ. ೨೦೨೧ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ೭೭೦ ಶರಣರ ನೆನಪಿಗೆ ೭೭೦ ಕಂಬಗಳೆಂಬುದು ಅದರ ಯೋಜನೆ. ನೂರೆಂಟು ಅಡಿಯ ಬಸವಣ್ಣನವರ ಮೂರ್ತಿಯನ್ನು ನೋಡಲು ಈಗಲೇ ದೂರದೂರಿನ ಬಸ್ಸುಗಳು ಬರುತ್ತವೆ. ನಾಳೆ ಹೋಟೆಲುಗಳೂ ಬಂದಾವು. ರಾತ್ರಿಯ ಊಟದೊಡನೆ 'ಕಲ್ಯಾಣದ ಸಾಂಸ್ಕೃತಿಕ ಸಂಜೆ'ಯೂ ಬಂದೀತು. ಬರಲಿ. ಡಕ್ಕೆಯ ಬೊಮ್ಮಣ್ಣನಿಗೂ ಅಲ್ಲಿ ಒಂದು ಕಂಬ ಸಂದೀತು. ಆದರೆ ಆತನ ವೃತ್ತಿಯವರು ಆ ಸಂಜೆ ಎಲ್ಲಿ ಕುಳಿತು ಉಣ್ಣುತ್ತಾರೆಂಬುದನ್ನು ಕಟ್ಟಡದ ನಕ್ಷೆ ತೀರ್ಮಾನಿಸಲಾರದು. ಊರವರಾದ ನಾವು ತೀರ್ಮಾನಿಸಬೇಕು. ಕಷ್ಟದ ಕೆಲಸವೇನಲ್ಲ. ಬಡಿಸುವಾಗ ಒಂದು ಸಾಲು ಉದ್ದ ಮಾಡಿದರೆ ಸಾಕು.

ಈ ಕಡೆ ಬರಬೇಕೆನ್ನುವ ವಾಚಕರಿಗೆ ಒಂದು ಮಾತು. ದತ್ತ ಜಯಂತಿಯಾದ ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. ಅಂದು ಬೀದರ ಜಿಲ್ಲೆಯಲ್ಲಿ ಮನೆಗಳಿಗೆ ಬೀಗ; ಜನವೆಲ್ಲ ಹೊಲದಲ್ಲಿ. ಚರಗ ಚೆಲ್ಲಿ, ಕಾಳು-ಕಾಯಿಪಲ್ಯೆಗಳ ಭಜ್ಜಿ, ಸಜ್ಜೆಯ ರೊಟ್ಟಿ, ಮಡಿಕೆಯ ಅಂಬಲಿ ಇಟ್ಟುಕೊಂಡು ಪರಿಚಯವಿಲ್ಲದವರನ್ನೂ ಕರೆದು ಕೂಡಿಸುತ್ತಾರೆ. ಟಿಕೀಟಿಲ್ಲ, ಮುಂದಿನ ಸಾಲೂ ಇಲ್ಲ. ಅಂಬಲಿ ಕುಡಿದಾದ ಮೇಲೆ ಯಾರಾದರೊಬ್ಬ ಮುದುಕಿ ಒಂದು ಪದ ಎತ್ತಿಕೊಂಡರೆ ಸುಮ್ಮನೆ ಕೇಳಿ. ಅದು ಭೂಮಿತಾಯಿಗೆ ಹಾಡಿದ್ದು. ಪದ ಮುಗಿದ ಮೇಲೆ ಆಕೆಗೆ ರೊಟ್ಟಿ ಬಡಿಸುವ ಕೈ ನಿಮ್ಮದಾದರೆ, ಯಾರೂ ಬೇಡವೆನ್ನುವುದಿಲ್ಲ.